ಹನ್ನೆರಡು ಮೈಲಿಯ ಆಚೆ

"ಯಾರ್ಡಿನಾಗ ಬಿದ್ದೆ ಅನ್ನು, ಅಷ್ಟ. ಬಾಕಿದ್ದು ನಾ ತೆಲುಗಿನಾಗ ಹೇಳ್ತೀನಿ," ಎನ್ನುತ್ತ, ಊರಿನ ಆಳುಗಳನ್ನು ಕೆಲಸಕ್ಕೆ ಕರೆತಂದಿದ್ದ ಮೇಸ್ತ್ರಿ ಭೀಮಾಶಂಕರ ಮಂಚದತ್ತ ಬಾಗಿದ. ಸೊಂಟ ಮುರಿದುಕೊಂಡು ಮಲಗಿದ್ದ ಚಂದ್ರಾಮ ಗೋಡೆ ನೋಡುತ್ತಲೇ ಹೂಂ ಎಂದ. ಅವನ ಹೆಂಡತಿ ಸುವರ್ಣಾ ಕಾಲ ಬಳಿ ನಿಂತಿದ್ದಳು. ತಾರ್ನಾಕದ ಆ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ, ಆಂಧ್ರದ ಕರಾವಳಿಯಿಂದ ಬಂದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಫೋನಿನಲ್ಲಿ ಮಾತಾಡುತ್ತಿದ್ದ.

ಚಂದ್ರಾಮ ಬಿದ್ದದ್ದು ದಡದ ಯಾರ್ಡಿನಲ್ಲಲ್ಲ. ಸಮುದ್ರದ ನಡುವಿನ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿ, ತುಕ್ಕು ತಿಂದ ಏಣಿಯಿಂದ. ಕಾಯ್ದೆಗೆ ಸಮುದ್ರದ ಗ್ಯಾಸ್ ಬಾವಿಯೂ ಗಣಿಯೇ; ರಾಜ್ಯದ ಈ ಇನ್‌ಸ್ಪೆಕ್ಟರನ ಅಧಿಕಾರ ದಡದ ಯಾರ್ಡಿನವರೆಗೆ ಮಾತ್ರ. ನಿಜ ಬರೆಸಿದರೆ ದಿಲ್ಲಿಯ ಗಣಿ ಅಧಿಕಾರಿಗಳು ಬಂದು ಕೆಲಸ ನಿಲ್ಲಿಸಿಯಾರು. ದಡದಿಂದ ಹನ್ನೆರಡು ಮೈಲಿ ದಾಟಿದರೆ ನೀರಿನಡಿಯ ನೆಲ ದಿಲ್ಲಿಯದು, ನೆಲದೊಳಗಿನ ಗ್ಯಾಸು ದಿಲ್ಲಿಯದು. ಅದನ್ನು ಮೇಲೆತ್ತಲು ಹೋಗಿ ಬಿದ್ದ ಆಳು ಮಾತ್ರ ಯಾರಿಗೂ ಬೇಡ.

"ಕಾಕಾ, ನನ್ನ ತಮ್ಮ ಅಮೋಲ್ ಇನ್ನೂ ಅಲ್ಲೇ ಅದಾನಲ್ರಿ. ದಿನಾ ಅದ ಏಣಿ ಹತ್ತತಾನ," ಎಂದಳು ಸುವರ್ಣಾ.

"ಅದಕ್ಕ ಹೇಳಾಕತ್ತೀನಿ, ತಂಗಿ. ಕೆಲಸ ನಿಂತ್ರ ಅವನೂ ಮನೀಗೆ, ನಮ್ಮೂರ ಮಂದಿ ಎಲ್ಲಾ ಮನೀಗೆ. ದಿಲ್ಲಿಯಿಂದ ಇವನ ಪರಿಹಾರ ಬರೂದ್ರಾಗ ನಿನ್ನ ಕೂದ್ಲ ಬೆಳ್ಳಗಾಗ್ತಾವ."

ಇನ್‌ಸ್ಪೆಕ್ಟರ್ ಬಂದು ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದ. "ಎಕ್ಕಡ ಪಡ್ಡಾಡು?"

ಎಲ್ಲಿ ಬಿದ್ದ ಎಂಬ ಮಾತು ತಿಳಿಯಲು ಸುವರ್ಣಾಗೆ ಮೇಸ್ತ್ರಿ ಬೇಕಿರಲಿಲ್ಲ. ಹತ್ತಿರದ ಮಲ್ಕಾಜ್‌ಗಿರಿಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತೇ ಆ ಭಾಷೆ ಕಲಿತವಳು ಅವಳು. ಭೀಮಾಶಂಕರ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ಸಮುದ್ರಂಲೋ, ಸಾರ್," ಎಂದುಬಿಟ್ಟಳು. "ಪ್ಲಾಟ್‌ಫಾರಂ ಮೀದ."

ಇನ್‌ಸ್ಪೆಕ್ಟರ್ ಚಂದ್ರಾಮನ ಕಡೆ ತಿರುಗಿದ. "ನಿಜಮೇನಾ?" ಚಂದ್ರಾಮ ಕಣ್ಣು ಮುಚ್ಚಿಕೊಂಡ.

"ಅಯಿತೇ ಇದಿ ನಾದಿ ಕಾದು." ಇದು ತನ್ನದಲ್ಲ ಎಂದವನೇ ಪೆನ್ನು ಜೇಬಿಗಿಟ್ಟು, ತಲೆಹೊರೆ ಇಳಿದವನ ಹಾಗೆ ಎದ್ದು ನಡೆದ.

"ತಮ್ಮನ ಕೂಳಿಗೆ ನೀನ ಮಣ್ಣ ಹಾಕಿದಿ," ಎಂದ ಭೀಮಾಶಂಕರ.

"ಕೂಳ ಉಣ್ಣಾಕ ಅವ ಇರಬೇಕಲ್ರಿ, ಕಾಕಾ."

ಮೇಸ್ತ್ರಿ ಇನ್‌ಸ್ಪೆಕ್ಟರನ ಹಿಂದೆ ಓಡಿದ. ಸುವರ್ಣಾಗೆ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನ ಕಾಲ ಮೇಲಿನ ಹೊದಿಕೆ ಸರಿಮಾಡತೊಡಗಿದಳು. ಪಕ್ಕದ ಮಂಚದವರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

"ದಿಲ್ಲಿ ಮಂದಿ ಬಂದ್ರ," ಗೋಡೆಗೇ ಹೇಳುವವನಂತೆ ಚಂದ್ರಾಮ ಅಂದ, "ಏಣಿ ಒಂದ ಅಲ್ಲ ಅನ್ನು. ಕೆಳಗಿನ ಕಟಕಟೀನೂ ಅಲ್ಲಾಡ್ತೈತಿ."

ಮಂಚದಂಚಿಗೆ ಚಾಚಿದ್ದ ಕೈಯನ್ನು ಮೆಲ್ಲಗೆ ಎದೆಯ ಮೇಲೆ ಎಳೆದುಕೊಂಡ, ಅವಳೊಬ್ಬಳು ಕೂರುವಷ್ಟು ಜಾಗವಾಗುವ ಹಾಗೆ.