ನನ್ನ ಪರವಾಗಿ

ಆ ದಿನ ಅಣ್ಣ ತಾನೇ ಚಹಾ ತಂದು ನನ್ನ ಮೇಜಿನ ಮೇಲಿಟ್ಟ. ಆಗಲೇ ನನಗೆ ಅನುಮಾನ ಬಂತು. ಅತಿವಿನಯಂ ಧೂರ್ತ ಲಕ್ಷಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಪ್ಪ ಕನ್ನಡಕದ ಅಂಗಡಿಯನ್ನು ನಮ್ಮಿಬ್ಬರಿಗೂ ಬಿಟ್ಟುಹೋಗಿದ್ದ. ಅಣ್ಣ ಮುಂದೆ ಗಿರಾಕಿಗಳ ಜೊತೆ, ನಾನು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಜೊತೆ. ಈಗ ಗಾಜನ್ನು ಹೊರಗಿನಿಂದಲೇ ತರಿಸಿ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡೋಣ ಎಂದು ಅವನ ಹಟ. ಯಂತ್ರ ಹೋದರೆ ಆ ಅಂಗಡಿಯಲ್ಲಿ ನನಗೇನು ಕೆಲಸ? ಹೊಟ್ಟೆ ಉರಿದು ಕೋರ್ಟಿಗೆ ಹೋದೆ. ನ್ಯಾಯಾಧೀಶರು, ಒಡಹುಟ್ಟಿದವರು ಮೊದಲು ಮಧ್ಯಸ್ಥಿಕೆಗೆ ಕೂತು ಮಾತಾಡಿಕೊಳ್ಳಿ ಎಂದು ಕಳಿಸಿದರು.

"ವಕೀಲರೆಲ್ಲ ಯಾಕೆ ಪುಟ್ಟಿ? ನಾವಿಬ್ಬರೇ ಹೋಗೋಣ," ಎಂದ ಅಣ್ಣ. ತನಗಂತೂ ಯಾವ ವಕೀಲರ ಪರಿಚಯವೂ ಇಲ್ಲ ಎಂದು ಸೇರಿಸಿದ. ನಾನು ಅದನ್ನು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನನ್ನ ವಕೀಲೆಯನ್ನು ವಿಚಾರಿಸಿದೆ. ಬನ್ನಿ ಎಂದರೆ ಬರುತ್ತೇನೆ, ಬೇಡವೆಂದರೆ ಇಲ್ಲ, ನಿರ್ಧಾರ ನಿಮ್ಮದು ಎಂದರು. ಅಷ್ಟು ಸಲೀಸಾಗಿ ಹೇಳಿದ್ದೂ ನನಗೆ ಸರಿ ಕಾಣಲಿಲ್ಲ. ಆಕೆಯ ಮೂಗಿನ ಮೇಲಿದ್ದದ್ದು ನಮ್ಮ ಅಂಗಡಿಯ ಕನ್ನಡಕ. ಗಾಜು ಉಜ್ಜಿದವಳು ನಾನು, ನಗುನಗುತ್ತಾ ಮಾರಿದವನು ಅಣ್ಣ. ಒಳಗೊಳಗೇ ಏನು ಮಾತಾಗಿದೆಯೋ ಯಾರಿಗೆ ಗೊತ್ತು. ಗಂಡನ ಹತ್ತಿರ ಹೇಳಿಕೊಂಡರೆ, ನಿನಗೆ ಹಗ್ಗ ಕಂಡರೂ ಹಾವೇ ಎಂದು ಪೇಪರಿನೊಳಗೆ ಮುಖ ಹುದುಗಿಸಿದ. ಕೊನೆಗೆ, ಯಾರನ್ನೋ ನಂಬುವುದಕ್ಕಿಂತ ಒಬ್ಬಳೇ ಹೋಗುವುದು ಮೇಲು ಎಂದುಕೊಂಡೆ.

ಮಧ್ಯಸ್ಥಿಕೆಯ ಕೋಣೆಯಲ್ಲಿ ಒಂದು ದುಂಡು ಮೇಜು, ನೀರಿನ ಲೋಟಗಳು, ಗರಗರ ಎನ್ನುವ ಫ್ಯಾನು. ಅಣ್ಣ ನಿಜಕ್ಕೂ ಒಬ್ಬನೇ ಬಂದಿದ್ದ. ಬಾಗಿಲ ಹಿಂದೆ ಯಾರನ್ನಾದರೂ ನಿಲ್ಲಿಸಿದ್ದಾನೇನೋ ಎಂದು ಬಗ್ಗಿ ನೋಡಿದೆ. ಒಂದು ಹಳೆಯ ಕೊಡೆ ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಸ್ಥರು ನರೆಗೂದಲಿನ, ಸಮಾಧಾನದ ಮನುಷ್ಯ. ಅಣ್ಣನ ಮಾತು ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಿಮಗೇನು ಬೇಕಮ್ಮ?" ಎಂದರು.

ನಾನು ಅಣ್ಣನ ಮುಖ ನೋಡಿದೆ.

ಅಂಗಡಿಯಲ್ಲಿ ನಮ್ಮ ಪದ್ಧತಿಯೇ ಅದು. ಗಿರಾಕಿ ಹಿಂದಿನ ಕೋಣೆಗೆ ಇಣುಕಿ ಏನೇ ಕೇಳಲಿ, ಯಂತ್ರದ ಸದ್ದಿನಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಅಣ್ಣನ ಕಡೆ ನೋಡುತ್ತೇನೆ, ನನ್ನ ಪರವಾಗಿ ಅವನು ಉತ್ತರ ಕೊಡುತ್ತಾನೆ. ಈಗಲೂ ಕೊಟ್ಟ. ಅವಳಿಗೂ ವಯಸ್ಸಾಯಿತು, ಕೈ ನೋಯುತ್ತದೆ, ಮುಂದೆ ಬಂದು ನನ್ನ ಜೊತೆ ಕೂತರೆ ಅವಳಿಗೇ ಆರಾಮ ಎಂದ. ಆ ದನಿಯಲ್ಲಿ ಮೋಸವೇ ಇರಲಿಲ್ಲ. ಪ್ರೀತಿಯಿಂದಲೇ ನನ್ನ ಕೆಲಸ ಕಸಿದುಕೊಳ್ಳುತ್ತಿದ್ದ. ಮಧ್ಯಸ್ಥರು ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ನೋಡಿದರೆ ನಾನೂ ತಲೆಯಾಡಿಸುತ್ತಿದ್ದೆ. ಅದು ಅರಿವಾದಾಗ ನನಗೆ ನಿಜವಾಗಿ ಭಯವಾಯಿತು.

"ಸ್ವಲ್ಪ ನಿಲ್ಲಿಸಿ ಸರ್," ಎಂದೆ. "ಅದು ನನ್ನ ಮಾತಲ್ಲ. ಮುಂದಿನ ಸಲ ವಕೀಲರನ್ನ ಕರ್ಕೊಂಡು ಬರ್ತೀನಿ."

ಅಣ್ಣನ ಮುಖ ಸಪ್ಪಗಾಯಿತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಪುಟ್ಟಿ?"

"ಬೆಳಿಗ್ಗೆವರೆಗೂ ನಿನ್ನ ಮೇಲೆ ಇರ್ಲಿಲ್ಲ ಅಣ್ಣ. ಈಗ ನೋಡಿದ್ರೆ ನನ್ನ ಮೇಲೇ ಇಲ್ಲ."

ಯಾವ ದಿನ ಅನುಕೂಲವಾಗುತ್ತದೆ ಎಂದು ಮಧ್ಯಸ್ಥರು ನನ್ನನ್ನು ಕೇಳಿದರು. ಅಣ್ಣ ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ. ಕತ್ತು ಅವನ ಕಡೆ ಹೊರಳದ ಹಾಗೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, "ಬುಧವಾರ," ಎಂದೆ.