ಸಾಕು ಎನ್ನುವ ಸ್ಕ್ರೂಡ್ರೈವರ್

ಕೊನೆಯ ನೆಂಟರೂ ಹಿಂದಿನ ಸಂಜೆಯ ಬಸ್ಸು ಹತ್ತಿದ್ದರು. ಬೆಳಿಗ್ಗೆ ಅವಳು ಕಣ್ಣು ಬಿಟ್ಟಾಗ ಮನೆ ಬರೀ ಮನೆಯಾಗಿತ್ತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಮೇಲಿನ ಮಹಡಿಯವರು ಕುರ್ಚಿ ಎಳೆದರು, ಕೆಳಗೆ ಯಾರೋ ಒದ್ದು ಒದ್ದು ಕೊನೆಗೂ ಸ್ಕೂಟರ್ ಚಾಲೂ ಮಾಡಿದರು. ರಾತ್ರಿಯಿಡೀ ಅವಳು ಮಗ್ಗುಲು ಬದಲಿಸದೆ ಮಲಗಿದ್ದಳು. ಗಂಡನನ್ನು ಮಸಣಕ್ಕೆ ಕಳಿಸಿಕೊಟ್ಟ ಮೇಲೆ ಇಷ್ಟು ಚೆನ್ನಾಗಿ ನಿದ್ದೆ ಬರುವುದು ಸರಿಯೇ ಎಂದು ಹಾಸಿಗೆಯಲ್ಲೇ ಯೋಚಿಸಿದಳು. ಎದ್ದಳು.

ಅಡುಗೆಮನೆಯಲ್ಲಿ ಅತ್ತೆ ಟೀ ಸೋಸುತ್ತಿದ್ದರು.

"ಎದ್ಯಾ? ಸಕ್ಕರೆ ಹಾಕಿದ್ದೀನೋ ಇಲ್ವೋ ಜ್ಞಾಪಕ ಇಲ್ಲ. ಕುಡಿದು ಹೇಳು."

"ಎರಡು ಸಲ ಹಾಕಿದ್ದೀರಿ ಅತ್ತೆ."

"ಕುಡಿ ಹಾಗಾದ್ರೆ. ಚೆಲ್ಲೋಕಾಗುತ್ತಾ?"

ಇಬ್ಬರೂ ಕುಡಿದರು. ಊಟದ ಮೇಜಿನ ಕಿಟಕಿ ಪಕ್ಕದ ತುದಿ ಗಂಡನದು. ಅಲ್ಲಿ ಅವನ ಸಲಕರಣೆಗಳ ನಡುವೆ ತಟ್ಟೆ ಇಡುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ಶೋಕಕ್ಕೆ ಬಂದ ನೆಂಟರು ಅದನ್ನೂ ಒರೆಸಿ, ಹೂದಾನಿ ಇಟ್ಟು ಹೋಗಿದ್ದರು. ಬೆಳಕಿಗೆಂದು ಅವಳು ಪರದೆ ಸರಿಸಿದಳು. ಕಿಟಕಿಯ ಕಟ್ಟೆಯ ಮೇಲೆ, ಯಾರ ಕಣ್ಣಿಗೂ ಬೀಳದೆ, ಸ್ಕ್ರೂಡ್ರೈವರ್ ಇತ್ತು. ಅದರ ಕೆಳಗೆ ಉದ್ದಕ್ಕೆ ಹರಿದ ಒಂದು ಕಾಗದದ ಪಟ್ಟಿ.

ಅದು ಎಲ್ಲರ ಮನೆಯಲ್ಲಿರುವಂಥ ಸ್ಕ್ರೂಡ್ರೈವರ್ ಅಲ್ಲ. ಹಿಡಿಯ ಬುಡದಲ್ಲಿ ಅಂಕಿಗಳಿದ್ದ ಒಂದು ಬಳೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಬಳೆ ತಿರುಗಿಸಿಟ್ಟರೆ, ಸ್ಕ್ರೂ ಅಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುತ್ತಿತ್ತು. ಆಮೇಲೆ ಹಿಡಿ ಮಾತ್ರ ಸುತ್ತುತ್ತಿತ್ತು, ಸ್ಕ್ರೂ ಕದಲುತ್ತಿರಲಿಲ್ಲ. ಅದನ್ನು ಎರವಲು ತಂದ ದಿನ ಗಂಡ ಕುಣಿಯುವುದೊಂದು ಬಾಕಿ.

"ನೋಡೇ, ಇದಕ್ಕೆ ಸಾಕು ಅನ್ನೋಕೆ ಬರುತ್ತೆ! ನಮ್ಮಮ್ಮನಿಗೂ ಇಂಥದ್ದೊಂದು ಜೋಡಿಸ್ಬೇಕು."

"ಮೊದ್ಲು ನಿನ್ನ ಬಾಯಿಗೆ ಜೋಡಿಸ್ಕೋ," ಎಂದಿದ್ದರು ಅತ್ತೆ, ಒಳಗಿನಿಂದಲೇ.

ಅದರ ಯಜಮಾನ ಸೈಕಲ್ ಅಂಗಡಿಯ ಬ್ರೇಕ್ ಮಾಮ. ಪಂಕ್ಚರ್ ಹಾಕಿಸಲು ಹೋದರೂ, ಗಾಳಿ ಹೊಡೆಸಲು ಹೋದರೂ, ದಾರಿ ಕೇಳಲು ಹೋದರೂ "ಬ್ರೇಕ್ ಹೋಗಿದೆಯಲ್ಲಪ್ಪ" ಎನ್ನುವ ಆಸಾಮಿ. ಅವಳ ಗಂಡ ಭಾನುವಾರ ಹೋಗುತ್ತಿದ್ದ ರೈಫಲ್ ಕ್ಲಬ್ಬಿಗೆ ಅವನೇ ಕಾರ್ಯದರ್ಶಿ.

ಗಂಡ ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದ. ಒಂದು ಇರುವೆ ತುಳಿದರೂ ಪಕ್ಕಕ್ಕೆ ನಿಂತು ಮರುಗುವವನಿಗೆ ರೈಫಲ್ ಹುಚ್ಚು ಎಲ್ಲಿಂದ ಹಿಡಿಯಿತೋ ಯಾರಿಗೂ ತಿಳಿಯದು. ತಂದದ್ದೂ ಅಂಗಡಿಯಲ್ಲಿದ್ದದ್ದರಲ್ಲೆಲ್ಲ ಅಗ್ಗದ್ದು: ಪಾಯಿಂಟ್ ಟೂ ಟೂ, ಬೋಲ್ಟ್ ಎಳೆದು ಒಂದು ಗುಂಡು ಹಾಕಿ, ಬೋಲ್ಟ್ ತಳ್ಳಿ, ದೂರದ ಕಾಗದದ ವೃತ್ತಕ್ಕೆ ಹೊಡೆಯುವಂಥದು. ನಳಿಗೆಯನ್ನು ಹೊತ್ತ ಮರವಂತೂ ಹಣ್ಣಿನ ಪೆಟ್ಟಿಗೆ ಒಡೆದು ಮಾಡಿದ ಹಾಗಿತ್ತು. "ಇದು ಹೊಡೆಯುತ್ತಾ, ಇಲ್ಲಾ ಬರೀ ಬೆದರಿಸುತ್ತಾ?" ಎಂದು ಅವಳು ನಕ್ಕಿದ್ದಳು.

"ಒಳ್ಳೇದನ್ನ ಯಾರು ಬೇಕಾದ್ರೂ ಇಟ್ಕೋತಾರೆ. ಇದನ್ನ ಒಳ್ಳೇದು ಮಾಡ್ತೀನಿ ನೋಡ್ತಿರು," ಎಂದಿದ್ದ.

ಮಾಡುತ್ತಲೇ ಇದ್ದ. ಬಣ್ಣ ಕೆರೆದ. ಮರಳುಕಾಗದದಿಂದ ತಿಕ್ಕಿ ತಿಕ್ಕಿ ಮರವನ್ನು ಮಗುವಿನ ಕೆನ್ನೆಯ ಹಾಗೆ ಮಾಡಿದ. ದಿನಾ ಅಗಸೆ ಎಣ್ಣೆ ಸವರಿ ಇಡೀ ಮನೆಗೆ ಎಣ್ಣೆಗಿರಣಿಯ ವಾಸನೆ ಹಿಡಿಸಿದ. ಗುರಿ ಹಿಡಿಯುವಾಗ ಕೆನ್ನೆ ಊರುವ ಜಾಗ ತಗ್ಗಾಯಿತೆಂದು ಅವಳ ಹಳೆಯ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಟಿಸಿದ. "ನಿನ್ನ ಚಪ್ಪಲಿಗೆ ಕೆನ್ನೆ ಕೊಡೋ ಗಂಡ ಇನ್ನೆಲ್ಲಾದ್ರೂ ಸಿಗ್ತಾನಾ?" ಎಂದು ಕೇಳಿದ. ಅತ್ತೆ ರೈಫಲ್‌ಗೆ 'ಕಿರಿಸೊಸೆ' ಎಂದು ಹೆಸರಿಟ್ಟಿದ್ದರು. "ಕಿರಿಸೊಸೆಗೆ ಎಣ್ಣೆ ಹಚ್ಚಿ ಆಯ್ತಾ? ಹಿರಿಸೊಸೆ ಹಸಿದು ಕೂತಿದ್ದಾಳೆ, ಊಟಕ್ಕೆ ಏಳು."

ಕೊನೆಗೆ ಉಳಿದದ್ದು ಒಂದೇ ಕೊರತೆ. ನಳಿಗೆ ಹಿಂದುಗಡೆ ಮರಕ್ಕೆ ಗಟ್ಟಿಯಾಗಿ ಕೂರಬೇಕು, ಮುಂದುಗಡೆ ಎಲ್ಲೂ ತಾಗಬಾರದು. ತಾಗಿದರೆ ಗುಂಡು ಒಂದು ಸಲ ಹೋದ ಕಡೆ ಇನ್ನೊಂದು ಸಲ ಹೋಗುವುದಿಲ್ಲ. ತಾಗುತ್ತಿದೆಯೋ ಇಲ್ಲವೋ ನೋಡಲು ನಳಿಗೆಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ತೂರಿಸಿ ಎಳೆಯುತ್ತಿದ್ದ. ಕಾಗದ ತಡೆಯಿಲ್ಲದೆ ಓಡಬೇಕು. ಅದಕ್ಕೆ ಅವನು ಹರಿಯುತ್ತಿದ್ದದ್ದು ಕೆರೆನೀರಿನ ಮೇಲೆ ಅವಳು ಬರೆದ ಪ್ರಬಂಧದ ಹಳೆಯ ಕರಡನ್ನು. "ನಿನ್ನ ಸಂಶೋಧನೆ ಕೊನೆಗೂ ಒಂದು ಕೆಲಸಕ್ಕೆ ಬಂತು."

ಆ ಸಂಜೆಯೂ ಪಟ್ಟಿ ಅರ್ಧ ಓಡಿ ಸಿಕ್ಕಿಹಾಕಿಕೊಂಡಿತ್ತು.

"ಬಿಗಿ ಮಾಡೋವಾಗ ವಾಲ್ತಿದೆ. ಎರಡು ನಿಮಿಷ ಹಿಡ್ಕೋತೀಯಾ?"

ಅವಳು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಫೋನಿನಲ್ಲಿ ಚಪ್ಪಲಿಗಳ ಚಿತ್ರ ನೋಡುತ್ತಿದ್ದಳು. ಕೊಳ್ಳುವುದಕ್ಕೂ ಅಲ್ಲ, ಸುಮ್ಮನೆ.

"ಕೆಲಸ ಇದೆ ಕಣೋ," ಎಂದಳು.

ಅವನು ದಿಂಬು ತಂದು ಮಂಡಿಗಳ ನಡುವೆ ಇಟ್ಟು, ರೈಫಲನ್ನು ಅದಕ್ಕೆ ಒತ್ತಿ, ಒಬ್ಬನೇ ಹೆಣಗಾಡಿದ. ಟಕ್. ಟಕ್. ಕಾಗದ ಮತ್ತೆ ಅಲ್ಲೇ ನಿಂತಿತು. "ನಾಳೆ ನೋಡೋಣ," ಎಂದು ತನಗೆ ತಾನೇ ಹೇಳಿಕೊಂಡು ರೈಫಲನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಮಾರನೆಯ ದಿನ ಶಾಲೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಸುತ್ತಿದ ಭೂಪಟ ಹಿಡಿದವನು, ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಯಾರು ಏನು ಮಾಡಿದ್ದರೂ ತಪ್ಪುತ್ತಿರಲಿಲ್ಲ ಎಂದು ಡಾಕ್ಟರು ಮೆಲುದನಿಯಲ್ಲಿ ಹೇಳಿದರು. ಅದನ್ನು ಅವಳು ನಂಬಿದಳು. ಅವಳನ್ನು ಕುಟುಕುತ್ತಿದ್ದದ್ದು ಅದಲ್ಲ.

ಆ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಸಿಕ್ಕ ಸ್ಕ್ರೂಡ್ರೈವರನ್ನೂ ಪಟ್ಟಿಯನ್ನೂ ಅವಳು ಸೀರೆಗಳ ಕಪಾಟಿನೊಳಗೆ ಸರಿಸಿಟ್ಟಳು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದ ಕೆಲಸಕ್ಕೆ ಮತ್ತೆ ಹೋಗತೊಡಗಿದಳು. ಬಾಟಲಿಗಳಿಗೆ ಚೀಟಿ ಅಂಟಿಸಿದಳು. ಜೊತೆಯವರು ಅವಳು ಬಂದರೆ ದನಿ ತಗ್ಗಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಒಬ್ಬಳು ಅವಳ ಲೋಟಕ್ಕೆ ತಾನೇ ನೀರು ತುಂಬಿಸಿಕೊಟ್ಟಳು. ಆ ಎರಡು ನಿಮಿಷದ ವಿಷಯ ಇವರಿಗೆಲ್ಲ ಗೊತ್ತಿಲ್ಲ ಎಂದುಕೊಂಡು ಅವಳು ಆ ನೀರು ಕುಡಿದಳು.

ಕೆಲವು ದಿನ ಕಳೆದು ಬ್ರೇಕ್ ಮಾಮ ಫೋನ್ ಮಾಡಿದ.

"ಅವಸರ ಏನಿಲ್ಲ ಮಗಳೇ. ರೈಫಲ್ ಮಾತ್ರ ಕ್ಲಬ್ಬಿನ ಕಪಾಟಿಗೆ ಬರ್ಬೇಕು, ಲೈಸೆನ್ಸ್ ಹೆಸರು ಬದಲಾಗೋವರೆಗೆ. ಆಮೇಲೆ... ನನ್ನದೊಂದು ಸ್ಕ್ರೂಡ್ರೈವರ್ ಇತ್ತು. ಕ್ಲಬ್ಬಿಗೆಲ್ಲ ಇರೋದು ಅದೊಂದೇ. ಪಂದ್ಯ ಹತ್ರ ಬಂತು, ಎಲ್ಲ ಬಂದು ತಲೆ ತಿಂತಿದ್ದಾರೆ."

ಸೀರೆ ಕಪಾಟಿನ ಬಾಗಿಲು ತೆರೆದೇ ಇತ್ತು. ನಿಂತಲ್ಲಿಂದಲೇ ಅವಳಿಗೆ ಅದು ಕಾಣುತ್ತಿತ್ತು.

"ಕಾಣಿಸ್ಲಿಲ್ಲ ಮಾಮ. ಹುಡುಕ್ತೀನಿ."

ಯಾಕೆ ಹಾಗೆ ಹೇಳಿದಳೋ. ಅದು ಕೈಬಿಟ್ಟು ಹೋದರೆ ಗಂಡನ ಕೆಲಸ ನಿಂತಲ್ಲೇ ನಿಂತ ಹಾಗೆ, ಮತ್ತು ನಿಲ್ಲಿಸಿದವಳು ತಾನು. ಅಷ್ಟು ಮಾತ್ರ ಅವಳಿಗೆ ಗೊತ್ತಿತ್ತು.

ಅತ್ತೆಯ ಕಿವಿ ಚುರುಕು. "ಏನು ಕಳೆದಿದೆಯಂತೆ?" ಎಂದು ಕೇಳಿ ತಿಳಿದುಕೊಂಡವರೇ ಸೆರಗು ಸಿಕ್ಕಿಸಿದರು. ಮಂಚದ ಕೆಳಗೆ ಮಂಡಿಯೂರಿ ಬಗ್ಗಿದರು, ಹಿಟ್ಟಿನ ಡಬ್ಬಿಯೊಳಗೂ ಕೈಹಾಕಿದರು.

"ಬಿಡಿ ಅತ್ತೆ, ಸಿಗುತ್ತೆ."

"ಬಿಡೋಕಾಗುತ್ತೇನೇ? ನನ್ನ ಮಗ ಒಬ್ಬರ ಗುಂಡುಸೂಜಿ ಇಟ್ಕೊಂಡವನಲ್ಲ. ಹೋದ ಮೇಲೆ ಅವನ ಹೆಸರಲ್ಲಿ ಇಂಥದ್ದೊಂದು ಉಳೀಬಾರ್ದು."

ಅವರ ಬೆನ್ನು ಬಾಗಿ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳು ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು.

ಮರುದಿನ ಮಧ್ಯಾಹ್ನ ಅತ್ತೆ ಔಷಧಿ ತರಲು ಹೋದಾಗ ಅವಳು ಕಬ್ಬಿಣದ ಕಪಾಟು ತೆರೆದಳು. ಬೋಲ್ಟ್ ಬೇರೆ ಡಬ್ಬಿಯಲ್ಲಿತ್ತು; ರೈಫಲ್ ಬರೀ ಮರ ಮತ್ತು ಕೊಳವೆ. ದಿಂಬು ತಂದು, ಅವನ ಹಾಗೇ ಮಂಡಿಗಳ ನಡುವೆ ಇಟ್ಟುಕೊಂಡಳು. ತಳದ ಎರಡು ಸ್ಕ್ರೂ ಸಡಿಲಿಸಿ ಮತ್ತೆ ಬಿಗಿದಳು. ಟಕ್. ಟಕ್. ಪಟ್ಟಿ ತೂರಿಸಿ ಎಳೆದಳು. ಓಡಿತು, ಓಡಿತು, ನಿಂತಿತು. ನಿಂತ ಜಾಗದಲ್ಲಿ ಮರದ ಮೇಲೆ ಪೆನ್ಸಿಲಿನ ಒಂದು ಪುಟ್ಟ ಗುಣಾಕಾರ ಗುರುತು. ಅವನದು. ಇನ್ನೊಮ್ಮೆ ಮಾಡಿದಳು, ಮತ್ತೂ ಅಲ್ಲೇ. ಸ್ಕ್ರೂ ತಿರುಗಿಸುವ ಕೈ ಗಟ್ಟಿಯಾದರೆ ಹಿಡಿದ ಕೈ ಜಾರುತ್ತಿತ್ತು. ಇದು ಒಂಟಿ ಕೈಯ ಕೆಲಸವಲ್ಲ ಎಂದು ಅವನು ಹೇಳಿಯೇ ಇದ್ದನಲ್ಲ.

ಸಂಜೆ ಹೊರಗಿನ ಕೋಣೆಯಲ್ಲಿ ಅತ್ತೆ ಜೋರಾಗಿ ಫೋನಿನಲ್ಲಿದ್ದರು. ಆ ಕಡೆ ಅವರ ತಮ್ಮ, ಇಡೀ ಬಳಗದಲ್ಲಿ ಜೇಬುಮಾವ ಎಂದೇ ಹೆಸರಾದವನು. ಎಲ್ಲಿ ಹೋದರೂ ಅಲ್ಲಿನ ಪೆನ್ನು, ಬೆಂಕಿಪೊಟ್ಟಣ ಅವನ ಜೇಬಿಗೆ ತಾವಾಗಿಯೇ ನಡೆದುಕೊಂಡು ಹೋಗುತ್ತಿದ್ದವು.

"ಕದ್ದೆ ಅಂತ ಎಲ್ಲಿ ಅಂದೆನೋ? ಮರೆತು ಹಾಕ್ಕೊಂಡಿರ್ಬೋದು, ಜೇಬು ಕೊಡವಿ ನೋಡು ಅಂದೆ... ಏನು ಮಾತಾಡ್ತೀಯಾ... ಲೋ, ಇಡಬೇಡ ಫೋನು!"

ಇಟ್ಟಿದ್ದ. ಅತ್ತೆ ಫೋನನ್ನು ಮಡಿಲಿಗೆ ಇಳಿಸಿದರು. "'ಅವನಿಗೆ ಹೆಗಲು ಕೊಟ್ಟ ದಿನ ಕದಿಯೋಷ್ಟು ಕೆಟ್ಟಿದ್ದೀನಾ ಅಕ್ಕಾ' ಅಂತಾನೆ," ಎಂದರು. "ಅಳ್ತಿದ್ದ ಕಣೇ."

ಅವಳು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಅತ್ತೆಯ ಮುಂದೆ ಇಟ್ಟಳು.

"ಸಿಕ್ತಾ! ಎಲ್ಲಿತ್ತೇ?"

"ನನ್ನ ಹತ್ರಾನೇ ಇತ್ತು ಅತ್ತೆ. ನೆಂಟರು ಹೋದ ಮಾರನೇ ಬೆಳಿಗ್ಗೆಯಿಂದ."

ಅತ್ತೆ ಅವಳ ಮುಖವನ್ನೇ ನೋಡಿದರು. ಬೈಯುತ್ತಾರೆಂದು ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ಫೋನನ್ನು ಅವಳ ಕಡೆ ತಳ್ಳಿದರು.

"ನೀನೇ ಮಾಡು. ನನ್ನ ಕೈಲಾಗಲ್ಲ."

ಮಾಡಿದಳು. ಜೇಬುಮಾವ ಬಹಳ ಹೊತ್ತು ಮೂಗೊರೆಸಿದ. "ಹೋಗ್ಲಿ ಬಿಡಮ್ಮ. ನಿನ್ನ ಸ್ಥಿತೀಲಿ ಯಾರಿಗೆ ತಾನೇ ತಲೆ ನಿಲ್ಲುತ್ತೆ," ಎಂದ. ಆಮೇಲೆ ದನಿ ಇಳಿಸಿ, "ಅಕ್ಕನಿಗೆ ಹೇಳ್ಬೇಡ. ಜೇಬು ಕೊಡವಿದಾಗ ಎರಡು ಪೆನ್ನು ಸಿಕ್ಕವು. ನಿಮ್ಮನೇವೇ."

ತನ್ನ ಬಾಯಿಂದ ಸಣ್ಣ ನಗು ಹೊರಬಿದ್ದದ್ದು ಅವಳಿಗೇ ಕೇಳಿಸಿತು. ಅದಕ್ಕೂ ನಾಚಿಕೆಯಾಯಿತು.

ಮರುದಿನ ರೈಫಲನ್ನು ಅವನ ಉದ್ದ ಚೀಲದಲ್ಲಿ ಹಾಕಿಕೊಂಡು, ಬೋಲ್ಟಿನ ಡಬ್ಬಿ ಮತ್ತು ಲೈಸೆನ್ಸ್ ಕೈಚೀಲದಲ್ಲಿಟ್ಟು, ಸೈಕಲ್ ಅಂಗಡಿಗೆ ಹೋದಳು. ಅಂಗಡಿ ತುಂಬ ತೂಗುಹಾಕಿದ ಚಕ್ರಗಳು. ಒಬ್ಬ ಗಿರಾಕಿ ಗಡಿಯಾರ ನೋಡುತ್ತ ನಿಂತಿದ್ದ. ಬ್ರೇಕ್ ಮಾಮ ಅವನ ಚಕ್ರ ತಿರುಗಿಸಿ ಡೊಂಕು ನೋಡುತ್ತಿದ್ದ. ಹಿಂದಿನ ಗೋಡೆಯಲ್ಲಿ ಸಲಕರಣೆಗಳ ಸಾಲು. ನಡುವೆ ಒಂದು ಮೊಳೆ ಬೋಳಾಗಿತ್ತು.

"ಬಾ ಮಗಳೇ. ಬಂದೆ, ಒಂದು ನಿಮಿಷ. ಇವರ ಬ್ರೇಕ್ ಹೋಗಿದೆ."

"ನಾನು ಬಂದಿದ್ದು ಚಕ್ರಕ್ಕೆ," ಎಂದ ಗಿರಾಕಿ.

ಅವಳು ಸ್ಕ್ರೂಡ್ರೈವರ್ ಹೊರತೆಗೆದಳು. ಮಾಮನ ಮುಖ ಅರಳಿತು. "ಅಂತೂ ಸಿಕ್ತು!"

"ಕಳೆದಿರ್ಲಿಲ್ಲ ಮಾಮ."

ಮಾಮ ಕೈ ಚಾಚಿದ. ಅವಳು ಕೊಡಲಿಲ್ಲ. ಚೀಲದ ಜಿಪ್ ಎಳೆದು ರೈಫಲನ್ನು ಬೆಂಚಿನ ಮೇಲೆ ಮಲಗಿಸಿದಳು.

"ಎರಡು ನಿಮಿಷ ಹಿಡ್ಕೋತೀರಾ?"

ಮಾಮ ಗಿರಾಕಿಯ ಕಡೆ ತಿರುಗಿದ. "ಸ್ವಲ್ಪ ಕೂತ್ಕೊಳ್ಳಿ ಸ್ವಾಮಿ. ಕೆಲಸ ಇದೆ." ಕೈಯ ಜಿಡ್ಡನ್ನು ಚಿಂದಿಬಟ್ಟೆಗೆ ಒರೆಸಿಕೊಂಡು ಬಂದು, ನಳಿಗೆಯನ್ನೂ ಮರವನ್ನೂ ಎರಡು ಅಂಗೈಯಲ್ಲಿ ನೆಟ್ಟಗೆ ಹಿಡಿದ. ಅವಳು ಸ್ಕ್ರೂಗಳನ್ನು ಸಡಿಲಿಸಿದಳು. ಇದನ್ನು ಒಂಚೂರು, ಅದನ್ನು ಒಂಚೂರು, ಮತ್ತೆ ಇದನ್ನು. ಟಕ್. ಇನ್ನೊಂದೂ, ಟಕ್.

ಕಾಗದದ ಪಟ್ಟಿಯನ್ನು ತುದಿಯಲ್ಲಿ ತೂರಿಸಿ ಹಿಂದಕ್ಕೆ ಎಳೆದಳು. ಪೆನ್ಸಿಲ್ ಗುರುತಿನ ಹತ್ತಿರ ಬಂದಾಗ ಅವಳ ಬೆರಳೇ ತಡೆಯಿತು, ಕಾಗದ ತಡೆಯಲಿಲ್ಲ. ದಾಟಿ, ನೀರಿನ ಮೇಲೆ ಹೋದ ಹಾಗೆ ಹೋಯಿತು. ಇನ್ನೊಮ್ಮೆ ಎಳೆದಳು. ಹೋಯಿತು.

"ಇಷ್ಟೇನಾ?" ಎಂದ ಮಾಮ. "ಇದಕ್ಕೆ ಅವನು ಅಷ್ಟು ದಿನ ಒದ್ದಾಡ್ತಿದ್ನಾ? ಹುಚ್ಚಪ್ಪ. ಯಾರಾದ್ರೂ ಒಬ್ರು ಹಿಡ್ಕೊಂಡಿದ್ರೆ..."

"ಯಾರೂ ಹಿಡ್ಕೊಳ್ಲಿಲ್ಲ ಮಾಮ," ಎಂದಳು.

ಅವನು ನಳಿಗೆಯ ಮೇಲಿನ ಕೈ ತೆಗೆಯಲಿಲ್ಲ. ಗಿರಾಕಿ ಕೆಮ್ಮಿದ. ಅವಳು ಸ್ಕ್ರೂಡ್ರೈವರನ್ನು ಮತ್ತೆ ಸ್ಕ್ರೂವಿಗೆ ಇಟ್ಟು ತಿರುಗಿಸಿದಳು. ಟಕ್. ಹಿಡಿ ಮಾತ್ರ ಸುತ್ತಿತು. ಮತ್ತೊಮ್ಮೆ. ಟಕ್.

"ಸಾಕಮ್ಮ," ಎಂದ ಮಾಮ ಮೆಲ್ಲಗೆ. "ಇನ್ನೇನೂ ತಿರುಗಲ್ಲ ಅದು."

ಅವಳಿಗದು ಗೊತ್ತಿತ್ತು. ಹಿಡಿಯನ್ನು ಸೆರಗಿನಿಂದ ಒರೆಸಿದಳು, ಬಳೆಯನ್ನು ಸೊನ್ನೆಗೆ ತಂದಳು. ಕೆಲಸ ಮುಗಿದ ಮೇಲೆ ಗಂಡ ಯಾವಾಗಲೂ ಹಾಗೆ ಮಾಡುತ್ತಿದ್ದ. ಆಮೇಲೆ ಬೆಂಚು ಸುತ್ತಿಕೊಂಡು ಹೋಗಿ, ಸ್ಕ್ರೂಡ್ರೈವರನ್ನು ತಾನೇ ಆ ಬೋಳು ಮೊಳೆಗೆ ತೂಗುಹಾಕಿದಳು.