ಬೋಣಿಗೆಯ ಕೈ

ರತ್ನವ್ವ ತಲೆಯ ಮೇಲಿನ ಟವೆಲು, ಧೋತರದ ಗಂಟನ್ನು ಇಳಿಸಲೇ ಇಲ್ಲ. ಲಕ್ಷ್ಮೇಶ್ವರದ ಸಂತೆಯ ಬಾಯಿಗೆ ಅಡ್ಡ ಕಟ್ಟಿದ್ದ ಹಗ್ಗದ ಆಚೆ ನಿಂತು, ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಬರಿಗೈಯನ್ನು ಬಿಡಿಸಿ ತೋರಿಸಿದಳು.

"ಬೋಣಿಗಿ ಆಗಿಲ್ಲೋ ಯಪ್ಪಾ. ಆದಮ್ಯಾಲೆ ಬಾ, ಕೊಡ್ತೇನಿ."

ಹಗ್ಗದ ಈಚೆ ವೀರೇಶ ನಿಂತಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಸಂತೆಯ ಕರದ ರಶೀದಿ ಹೊಡೆಯುವ ಸಣ್ಣ ಯಂತ್ರ. ರತ್ನವ್ವನ ಹಿಂದೆ ಮೆಣಸಿನಕಾಯಿಯ ಹನಮಂತವ್ವ, ಅವಳ ಹಿಂದೆ ಬುಟ್ಟಿಯವರು, ಸೊಪ್ಪಿನವರು ಸಾಲುಗಟ್ಟಿದ್ದರು. ಯಾರೂ ಜಗಳಕ್ಕೆ ಬಂದಿರಲಿಲ್ಲ. ಮೊದಲ ಗಿರಾಕಿಯ ದುಡ್ಡು ಕೈಗೆ ಬರುವ ಮೊದಲು ಸಂತೆಯಲ್ಲಿ ಯಾರೂ ಕೈಯಿಂದ ದುಡ್ಡು ಬಿಡುವುದಿಲ್ಲ. ಆ ಮೊದಲ ದುಡ್ಡನ್ನಂತೂ ಕಣ್ಣಿಗೊತ್ತಿಕೊಂಡು ಕೂತ ಗೋಣಿಯ ಕೆಳಗೆ ಇಟ್ಟರೆ ಸಂಜೆಯವರೆಗೂ ತೆಗೆಯುವುದಿಲ್ಲ. ಕರ ವಸೂಲಿಯವರು ಇದನ್ನು ತಿಳಿದೇ ಇಷ್ಟು ವರ್ಷ ಬಿಸಿಲೇರಿದ ಮೇಲೆ ಬರುತ್ತಿದ್ದರು.

ಈ ವರ್ಷ ಹರಾಜಿನಲ್ಲಿ ಸಂತೆಯ ಕರ ಹಿಡಿದವನು ಶಿರಹಟ್ಟಿ ಕಡೆಯ ಸಂಗನಗೌಡ. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಗಂಟು ಕಟ್ಟಿ ಜಾರಿಕೊಳ್ಳುತ್ತಾರೆಂದು ಅವನ ಸಂಕಟ. ಕರ ಕೊಡದೆ ಯಾರೂ ಒಳಗೆ ಹೋಗದಂತೆ ಹಗ್ಗ ಕಟ್ಟುವುದು ಅವನ ಯೋಚನೆ. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಈಗ ನೋಡುತ್ತಿದ್ದ. ಹಿಂದಿನ ಸಂಜೆ ವೀರೇಶನಿಗೆ ಸಿಟ್ಟಿಲ್ಲದೆಯೇ ಹೇಳಿದ್ದ: "ಇದೊಂದ್ ಸಂತಿ ನೋಡ್ತೇನ್ರಿ ಮಾಸ್ತರ. ನಿಮ್ಮ ಕೈಲೆ ಆಗಲಿಲ್ಲಂದ್ರ ಬ್ಯಾರೇದವ್ರು ಅದಾರ."

ವೀರೇಶನನ್ನು ಕಾಲೇಜಿನವರು ಈ ವರ್ಷ ಪಾಠಕ್ಕೆ ಕರೆದಿರಲಿಲ್ಲ; ಅದಕ್ಕೇ ಈ ವಸೂಲಿ ಕೆಲಸ. ಅತಿಥಿ ಉಪನ್ಯಾಸಕನೆಂದರೆ ವರ್ಷವರ್ಷವೂ ಕರೆಗಾಗಿ ಕಾಯುವವನು. ಕಾಯುವುದೇ ಅಭ್ಯಾಸವಾಗಿ ಹೋಗಿತ್ತು. ಬೆಟಗೇರಿಯ ಬಾಡಿಗೆ ಮನೆಯಲ್ಲಿ ಹೆಂಡತಿ ವಾಣಿಶ್ರೀ ಈಗ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಅವನಿಗೆ ಅನಿಸುತ್ತಿತ್ತು.

ಇತಿಹಾಸ ಪಾಠ ಮಾಡುವ ಕಾಲಕ್ಕೆ ಸೈಪ್ರಸ್ ದ್ವೀಪದ ಅಧ್ಯಾಯವೆಂದರೆ ಅವನಿಗೆ ಹುರುಪು. ಎಲ್ಲೋ ಕೂತ ತುರ್ಕಿ ಸುಲ್ತಾನ ದ್ವೀಪದ ಕರವನ್ನು ಹರಾಜು ಹಾಕುತ್ತಾನೆ. ಹರಾಜು ಹಿಡಿದವನು ತನ್ನ ಆಳುಗಳನ್ನು ಕಳಿಸುತ್ತಾನೆ. ಹುಡುಗರಿಗೆ ಹತ್ತಿರವಾಗಲೆಂದು ಲಕ್ಷ್ಮೇಶ್ವರವೂ ಒಂದು ದ್ವೀಪವೇ ಆಗಿತ್ತು ಎನ್ನುತ್ತಿದ್ದ. ಸುತ್ತ ಇಂಗ್ಲಿಷರ ಮುಲುಕು, ನಡುವೆ ಮಿರಜ ಸಂಸ್ಥಾನದ ಈ ಊರು, ನೀರಿಲ್ಲ, ಅಷ್ಟೇ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಆ ವಸೂಲಿಗೆ ಬರುತ್ತಿದ್ದ ಆಳುಗಳು ಯಾವ ಊರಿನವರು ಸರ್ ಎಂದು ಕೇಳಿದ್ದಳು. ಪುಸ್ತಕದಲ್ಲಿ ಅದು ಇರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದಿದ್ದ.

ಚಹಾ ಅಂಗಡಿಯಿಂದ ಸಂಗನಗೌಡ ಕೆಮ್ಮಿದ.

ಆಗಲೇ ವೀರೇಶನಿಗೆ ಆ ಉಪಾಯ ಹೊಳೆದದ್ದು. ರತ್ನವ್ವ ಪರಕೀಯಳಲ್ಲ. ಬೆಟಗೇರಿಯ ಅವನ ಓಣಿಯವಳೇ, ಅವನ ತಾಯಿಯ ಜೊತೆ ನೂಲು ಸುತ್ತಿದವಳು. ಸಣ್ಣವನಿದ್ದಾಗ ಅವನ ಕೈಗುಣ ಛಲೋ ಎಂಬ ಮಾತು ಓಣಿಯಲ್ಲಿತ್ತು. ದೀಪಾವಳಿ ಪಾಡ್ಯದ ದಿನ ಅಂಗಡಿ ಇಟ್ಟವರು ಮೊದಲ ವ್ಯಾಪಾರಕ್ಕೆ ಅವನನ್ನೇ ಕರೆಯುತ್ತಿದ್ದರು; ರತ್ನವ್ವನಂತೂ ಎತ್ತಿಕೊಂಡೇ ಹೋಗುತ್ತಿದ್ದಳು.

"ಚಿಗವ್ವಾ, ಬೋಣಿಗಿ ನಾನ ಮಾಡ್ತೇನಿ. ಒಂದು ಟಾವೆಲ್ ಕೊಡು," ಎಂದ.

ರತ್ನವ್ವ ಅವನನ್ನು ದಿಟ್ಟಿಸಿ ನೋಡಿದಳು. ಅವಳು ನಿಧಾನವಾಗಿ ಗಂಟು ಇಳಿಸಿ, ರಸ್ತೆಯ ಧೂಳಿನಲ್ಲೇ ಕೂತು ಬಿಚ್ಚಿದಳು. ಕೆಂಪು ಅಂಚಿನದೊಂದು ಟವೆಲ್ ತೆಗೆದು, ಝಾಡಿಸಿ, ಮತ್ತೆ ಮಡಿಸಿ ಕೊಟ್ಟಳು. ವೀರೇಶ ತನ್ನ ಕಿಸೆಯಿಂದ ನೋಟು ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಯಂತ್ರ ಕಿರಗುಟ್ಟಿ ರಶೀದಿ ಉಗುಳಿತು. ಅದನ್ನು ಹರಿದು ಅವಳ ಮುಂದೆ ಹಿಡಿದ. ಆಮೇಲೆ ಕರಕ್ಕಾಗಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಆಗಲಿಲ್ಲ.

ಅದೇ ನೋಟನ್ನು ರತ್ನವ್ವ ಅವನ ಕೈಯಲ್ಲಿಟ್ಟಳು. ಬೇರೆ ದುಡ್ಡು ಅವಳ ಸೊಂಟದ ಚೀಲದಲ್ಲಿ ಇದ್ದೇ ಇತ್ತು, ಅವನಿಗೆ ಗೊತ್ತಿತ್ತು. ಅದನ್ನು ಅವಳು ಮುಟ್ಟಲಿಲ್ಲ. ಮಿಕ್ಕ ಚಿಲ್ಲರೆ ಕೊಡಲು ಹೋದರೆ ಅದನ್ನೂ ಮುಟ್ಟಲಿಲ್ಲ.

"ಒಂದ್ ಕೈಲೆ ಕೊಟ್ಟು ಇನ್ನೊಂದ್ ಕೈಲೆ ಕಸಗೊಂಡ್ರ ಅದು ಬೋಣಿಗಿ ಏನ್ರಿ?" ಎಂದಳು ಹನಮಂತವ್ವ ಹಿಂದಿನಿಂದ. "ಭಾರಿ ಕಲ್ತೀರಿ ಬಿಡ್ರಿ."

"ಸುಮ್ನಿರವಾ," ಎಂದು ರತ್ನವ್ವ ಗಂಟು ಕಟ್ಟತೊಡಗಿದಳು. ಹಗ್ಗದ ಕಡೆ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿದಳು.

"ಎಲ್ಲಿಗಿ ಹೊಂಟಿ ಚಿಗವ್ವಾ? ರಶೀದಿ ಆತಲ್ಲ, ಒಳಗ ಬಾ."

"ಬೋಣಿಗಿನ ಹೊರಗ ಹೋದಮ್ಯಾಲೆ ಕುಂತು ಏನ ಮಾಡ್ಲಿರಿ ಸಾಹೇಬ್ರ. ಇವತ್ತಿಂದು ಮುಗೀತು."

ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹುಟ್ಟಿದಾಗಿನಿಂದ ಅವಳು ಅವನನ್ನು ಏಕವಚನದಲ್ಲೇ ಮಾತಾಡಿಸಿದವಳು. ಹಬ್ಬ ಹತ್ತಿರ ಬಂದಿತ್ತು. ಟವೆಲು, ಧೋತರ ಹೋಗುವ ದಿನಗಳೇ ಇವು. ಅವಳು ಗಂಟು ಹೊತ್ತು ಟಂಟಂ ಗಾಡಿಗಳ ನಡುವೆ ಹಾದು ಮರೆಯಾದಳು.

ಸಂಗನಗೌಡ ಹತ್ತಿರ ಬಂದು ಅವನ ಬೆನ್ನು ತಟ್ಟಿದ. ಕಲಿತವರ ತಲೆಯೇ ಬೇರೆ ಎಂದು ಹೊಗಳಿ, ಮುಂದಿನ ಸಂತೆಗೂ ಹೀಗೇ ನಡೆಯಲಿ ಎಂದ. ಅವನೇ ಹಗ್ಗ ಹಿಡಿದು ನಿಂತ ಮೇಲೆ ಉಳಿದವರು ಒಬ್ಬೊಬ್ಬರಾಗಿ ಕೊಟ್ಟು ಒಳಗೆ ಹೋದರು. ಹನಮಂತವ್ವ ಮುಖ ಆಚೆ ತಿರುಗಿಸಿ ದುಡ್ಡು ಕೊಟ್ಟಳು. ಕೊಟ್ಟವರಲ್ಲಿ ಯಾರೂ ರಶೀದಿ ಕೇಳಲಿಲ್ಲ.

ಬಿಸಿಲೇರಿದ ಮೇಲೆ ವೀರೇಶ ಸಂತೆಯೊಳಗೆ ಹೋದ. ಬೇವಿನ ಮರದ ಪಕ್ಕ ರತ್ನವ್ವ ಕೂರುತ್ತಿದ್ದ ಜಾಗ ಖಾಲಿ ಇತ್ತು. ಸಂತೆ ಇಷ್ಟು ತುಂಬಿದ್ದರೂ ಯಾರೂ ಅದನ್ನು ಒತ್ತಿರಲಿಲ್ಲ; ಹನಮಂತವ್ವನ ಮೆಣಸಿನಕಾಯಿ ರಾಶಿ ಕೂಡ ಅದರ ಅಂಚಿಗೇ ನಿಂತಿತ್ತು. ಅವನು ಬೆಳಿಗ್ಗೆ ಕೊಂಡು ಹೆಗಲಿಗೆ ಹಾಕಿಕೊಂಡಿದ್ದ ಟವೆಲನ್ನು ಆ ನೆಲದ ಮೇಲೆ ಹಾಸಿ, ಹಾರದಂತೆ ಒಂದು ಕಲ್ಲು ಇಟ್ಟ. ಜಾಗ ಹಿಡಿಯುವವರು ಹಾಗೆಯೇ ಇಡುತ್ತಾರೆ.

ಹನಮಂತವ್ವ ನೋಡಿದಳು.

ಬೆಳ್ಳಟ್ಟಿ ಕಡೆಯವಳಿರಬೇಕು, ಕೈಚೀಲ ಹಿಡಿದ ಹೆಂಗಸೊಬ್ಬಳು ಬಗ್ಗಿ ಟವೆಲಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಬೆಟಗೇರಿ ಮಾಲು ಹೌದಲ್ರಿ? ಎಷ್ಟಕ್ಕ ಕೊಡ್ತೀರಿ?"

ಇದು ಮಾರುವುದಲ್ಲ ಎನ್ನಲು ಬಾಯಿ ತೆರೆದ. ಬದಲಿಗೆ ರತ್ನವ್ವ ಹೇಳುತ್ತಿದ್ದ ಬೆಲೆಯನ್ನೇ ಹೇಳಿದ. ಹೆಂಗಸು ಚೌಕಾಸಿ ಮಾಡಲಿಲ್ಲ. ನೋಟು ಕೊಟ್ಟು, ಕಲ್ಲು ಸರಿಸಿ, ಟವೆಲ್ ಮಡಿಸಿಕೊಂಡು ಹೋದಳು.

ವೀರೇಶ ನೋಟನ್ನು ಕಣ್ಣಿಗೊತ್ತಿಕೊಂಡ. ರತ್ನವ್ವನ ಜಾಗದ ಆ ಬೋಣಿಗೆಯನ್ನು ಹೆಗಲ ಚೀಲಕ್ಕೆ ಹಾಕಲಿಲ್ಲ, ಕಿಸೆಗೂ ಹಾಕಲಿಲ್ಲ. ಸಂತೆಯ ಬಾಯಿಂದ ಸಂಗನಗೌಡ ಮಾಸ್ತರ, ಮಾಸ್ತರ ಎಂದು ಕೂಗುತ್ತಿದ್ದ. ಅವನು ಮುಷ್ಟಿ ಮುಚ್ಚಿಕೊಂಡು, ಖಾಲಿ ನೆಲದ ಮುಂದೆ, ಕಲ್ಲಿನ ಪಕ್ಕ ನಿಂತೇ ಇದ್ದ.